ಇನ್ನೂರ ನಲವತ್ತು ವಾಟಿನ ಕ್ರೇನು

ಮಿಕ್ಸಿಯ ಗುಂಡಿ ತಿರುಗಿಸುವ ಮುಂಚೆ ನಾನು ಇವತ್ತಿಗೂ "ಹಾಕ್ತಾ ಇದೀನಿ" ಎಂದು ಕೂಗುತ್ತೇನೆ. ನಾವಿರುವುದು ಶಿವಮೊಗ್ಗದ ವಿನೋಬನಗರದಲ್ಲಿ, ಸ್ವಂತ ಮೀಟರು ಇರುವ ಮನೆಯಲ್ಲಿ. ಗೀಸರು, ಫ್ರಿಜ್ಜು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಒಟ್ಟಿಗೆ ಹಾಕಿದರೂ ಏನೂ ಆಗುವುದಿಲ್ಲ. ಮನೆಯಲ್ಲಿರುವವರು ನಾನು, ನನ್ನ ಗಂಡ, ಇಬ್ಬರೇ. ಅವರು ಪೇಪರಿನಿಂದ ತಲೆಯೆತ್ತದೆ "ಹಾಕು" ಎನ್ನುತ್ತಾರೆ. ಅವರು ಹೇಳದಿದ್ದರೆ ನಾನು ಹಾಕುವುದಿಲ್ಲ, ನಾನು ಹಾಕದಿದ್ದರೆ ಚಟ್ನಿ ಇಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಕಾರಣ ಕೇಳಿದ್ದರು. ನಾನು ಹೇಳಿ ಮುಗಿಸುವಷ್ಟರಲ್ಲಿ ದೋಸೆ ಆರಿಹೋಗಿತ್ತು. ಆಮೇಲೆ ಕೇಳಿಲ್ಲ. ಈಗ ನಿಮಗೆ ಹೇಳುತ್ತೇನೆ, ದೋಸೆ ತಿಂದು ಕೂತುಕೊಳ್ಳಿ.

ನಾನೂ ಅಕ್ಕನೂ ಬೆಳೆದದ್ದು ಭದ್ರಾವತಿ ಓಲ್ಡ್ ಟೌನಿನ ಒಂದು ವಠಾರದಲ್ಲಿ. ನಾಲ್ಕು ಮನೆ, ಒಂದು ಬಾವಿ, ಒಂದು ಕರೆಂಟ್ ಮೀಟರು. ಮೀಟರಿನ ಕೆಳಗೆ ಒಂದು ಪಿಂಗಾಣಿ ಫ್ಯೂಸು. ಯಾವ ಎರಡು ಮನೆಯವರಾದರೂ ಒಟ್ಟಿಗೆ ದೊಡ್ಡದೇನಾದರೂ ಹಾಕಿದರೆ ಅದು ಟಪ್ಪೆಂದು ಹೋಗುತ್ತಿತ್ತು, ನಾಲ್ಕೂ ಮನೆ ಕತ್ತಲಾಗುತ್ತಿತ್ತು. ಆದ್ದರಿಂದ ವಠಾರಕ್ಕೊಂದು ಕಟ್ಟಳೆ. ಹಾಕುವ ಮುಂಚೆ ಬಾಗಿಲಿಗೆ ಬಂದು ಕೂಗಬೇಕು. ಉಳಿದವರು ಉತ್ತರ ಕೊಡುವವರೆಗೆ ಗುಂಡಿ ಮುಟ್ಟಬಾರದು. ಎದುರು ಮನೆಯ ಸೆಲ್ವಿ ಅತ್ತೆ "ಗ್ರೈಂಡರ್ ಪೋಡ್ರೇನ್" ಎಂದು ಕೂಗಿದರೆ ನಾವು "ಪೋಡುಂಗೋ" ಎಂದು ಕೂಗಿ ನಮ್ಮ ರೇಡಿಯೋ ಆರಿಸುತ್ತಿದ್ದೆವು. ರೇಡಿಯೋ ಎಷ್ಟು ಕರೆಂಟು ತಿನ್ನುತ್ತದೆ ಎಂದು ಯಾರೂ ವಿಚಾರಿಸಿರಲಿಲ್ಲ. ಒಬ್ಬರು ಹಾಕಿದರೆ ಇನ್ನೊಬ್ಬರು ಏನಾದರೊಂದನ್ನು ಆರಿಸಬೇಕು, ಅದು ಮರ್ಯಾದೆ. ನನಗೆ ಬರುವ ತಮಿಳು ಇವತ್ತಿಗೂ ಅಷ್ಟೇ. ಚೆನ್ನೈಗೆ ಒಮ್ಮೆ ಹೋಗಿದ್ದಾಗ ಅದು ಯಾವ ಕೆಲಸಕ್ಕೂ ಬರಲಿಲ್ಲ.

ನಾಲ್ಕನೆಯ ಮನೆ ಒಂದೇ ಕೋಣೆಯದು. ಆಗಷ್ಟೇ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ ಹೊಳೆಹೊನ್ನೂರು ಕಡೆಯವರೊಬ್ಬರು ಅಲ್ಲಿಗೆ ಬಾಡಿಗೆಗೆ ಬಂದರು. ಅವರಿಗೆ ಅಂಗಿಗೆ ಇಸ್ತ್ರಿ ಹಾಕುವ ಚಟ. ದಿನಾ ಬೆಳಗ್ಗೆ ಬಾಗಿಲಲ್ಲಿ ನಿಂತು "ಇಸ್ತ್ರಿ ಹಾಕ್ಲಾ?" ಎನ್ನುವರು. ಉಳಿದವರೆಲ್ಲ ಒಂದೊಂದು ಕೆಲಸದಲ್ಲಿರುತ್ತಿದ್ದುದರಿಂದ ನಮ್ಮಕ್ಕ ಎಲ್ಲರ ಪರವಾಗಿ "ಹಾಕಿ" ಎನ್ನುವಳು. ಹೀಗೆ ಒಂದೂವರೆ ವರ್ಷ ನಡೆಯಿತು. ಇಬ್ಬರ ನಡುವೆ ಬೇರೆ ಮಾತು ನಡೆದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಸಲ ಅವರ ಬಳಿ ಇದ್ದದ್ದು ಎರಡೇ ಅಂಗಿ ಎಂದು ಅಮ್ಮ ಗಮನಿಸಿದಳು. ಎರಡು ಅಂಗಿಗೆ ದಿನಾ ಇಸ್ತ್ರಿ ಯಾಕೆ ಎಂದು ಅಪ್ಪನನ್ನು ಕೇಳಿದಳು. ಮುಂದಿನ ಬೇಸಿಗೆಗೆ ಅವರು ನನ್ನ ಭಾವ ಆದರು.

ಭಾವನಿಗೆ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್ ಕೆಲಸ. ರಸ್ತೆಯಲ್ಲಿ ಕಾಣುವ ಕ್ರೇನಲ್ಲ. ಛಾವಣಿಯ ಕೆಳಗೆ ಈ ಗೋಡೆಯಿಂದ ಆ ಗೋಡೆಗೆ ಹಳಿಯ ಮೇಲೆ ಓಡಾಡುವಂಥದು. ಅದರ ಮೂಲೆಯಲ್ಲಿ ನೇತಾಡುವ ಒಂದು ಗೂಡು, ಗೂಡಿನೊಳಗೆ ಭಾವ. ಮೂವತ್ತೊಂದು ವರ್ಷ ಅವರು ಏಣಿ ಹತ್ತಿ ಅಲ್ಲಿ ಕೂತು, ಇಳಿದು ಮನೆಗೆ ಬಂದರು. ಹೆಂಡತಿ ಮಕ್ಕಳನ್ನು ಒಳಗೆ ಬಿಡುತ್ತಿದ್ದುದು ಆಯುಧ ಪೂಜೆಯ ದಿನ ಮಾತ್ರ. ಆ ದಿನ ಕ್ರೇನಿಗೆ ಬಾಳೆಕಂದು ಕಟ್ಟಿ ನಿಲ್ಲಿಸಿರುತ್ತಿದ್ದರು. ಹೀಗಾಗಿ ಅಕ್ಕ ಪ್ರತಿ ವರ್ಷ ತಪ್ಪದೆ ಹೋಗಿ ನೋಡಿದ್ದು ನಿಂತ ಕ್ರೇನನ್ನು, ಅದರ ಕೆಳಗೆ ಕೂತು ಮಂಡಕ್ಕಿ ತಿನ್ನುತ್ತಿದ್ದ ಗಂಡನನ್ನು. ಯಾರಾದರೂ ಭಾವನ ಕೆಲಸದ ಬಗ್ಗೆ ಕೇಳಿದರೆ "ನಮ್ಮನೆಯವರದು ಕೂರೋ ಕೆಲಸ" ಎನ್ನುತ್ತಿದ್ದಳು. ಬೈಗುಳವಲ್ಲ, ಅವಳಿಗೆ ತಿಳಿದದ್ದೇ ಅಷ್ಟು.

ಆದರೆ ಒಂದು ವಿಷಯಕ್ಕೆ ಮಾತ್ರ ಜಗಳವಿತ್ತು. ಶಿಫ್ಟು ಮುಗಿಸಿ ಬಂದ ಭಾವ ಒಂದು ಗಂಟೆ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಕಾಫಿ ಕೊಟ್ಟರೆ ಕುಡಿಯುವರು, ಕೇಳಿದ್ದಕ್ಕೆ ಉತ್ತರವಿಲ್ಲ. "ದಿನವಿಡೀ ಕೂತು ಬಂದೋರಿಗೆ ಮಾತಾಡೋಕೆ ಏನು ದಾಡಿ?" ಎಂದು ಅಕ್ಕ ನನ್ನ ಮುಂದೆಯೇ ಎಷ್ಟೋ ಸಲ ಕೇಳಿದ್ದಾಳೆ.

ಆಯುಧ ಪೂಜೆ ಎಂದಾಗ ನನ್ನ ಕೆಲಸವೂ ನೆನಪಾಯಿತು. ನಾನು ಮೂವತ್ತು ವರ್ಷ ಶಿವಮೊಗ್ಗದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೆ. ಪಾಠ ಮಾಡುವವರು ಬೇರೆ. ಮಾಡಿದ ಪಾಠ ಯಾಕೆ ಓಡುತ್ತಿಲ್ಲ ಎಂದು ನೋಡುವವಳು ನಾನು. ಆಗ ಲ್ಯಾಬಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ಕಾಲೇಜಿಗೆಲ್ಲ ಒಂದೇ ಎಸಿ, ಅದು ಕಂಪ್ಯೂಟರಿಗೆ. ಮೇ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದ ನನ್ನನ್ನು ಪ್ರಿನ್ಸಿಪಾಲರು ಅಸೂಯೆಯಿಂದ ನೋಡುತ್ತಿದ್ದರು. ಪೂಜೆಯ ದಿನ ಅವರೇ ಬಂದು ಒಂದೊಂದಕ್ಕೂ ಕುಂಕುಮ ಹಚ್ಚುವರು. ಫ್ಲಾಪಿ ತೂರಿಸುವ ಸಂದಿಯನ್ನು ಅವರು ಕಂಪ್ಯೂಟರಿನ ಹಣೆ ಎಂದು ತಿಳಿದಿದ್ದರು. ಮುಂದಿನ ಎರಡು ದಿನ ನಾನು ಹತ್ತಿ ಸುತ್ತಿದ ಕಡ್ಡಿಯಿಂದ ಅದನ್ನು ತೆಗೆಯುತ್ತಿದ್ದೆ. ವಿದ್ಯಾರ್ಹತೆ ಎಂದು ಹೇಳಿಕೊಳ್ಳಲು ನನಗೆ ಇದಕ್ಕಿಂತ ಹೆಚ್ಚಿನದೇನೂ ಇಲ್ಲ, ಆದರೆ ನೆಂಟರಲ್ಲಿ ನಾನು ಕಂಪ್ಯೂಟರ್ ತಜ್ಞೆ.

ಲ್ಯಾಬಿನ ಹಳೆಯ ಕಂಪ್ಯೂಟರುಗಳು ಹರಾಜಾದಾಗ ನಾನು ಒಂದನ್ನು ಕೊಂಡು ಅಕ್ಕನ ಮನೆಗೆ ಕೊಟ್ಟೆ. ಅಡ್ಡಡ್ಡ ಮಲಗುವ ಪುಟ್ಟ ಜಾತಿಯದು, ಬಿಸ್ಕತ್ತಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಅಕ್ಕ ಅದರಲ್ಲಿ ಭಜನೆ ಕೇಳುತ್ತಾಳೆ. ಮೇಲೆ ಒಂದು ಕ್ರೋಶಾ ಬಟ್ಟೆ, ಬಟ್ಟೆಯ ಮೇಲೆ ಗಣಪತಿ.

ಒಂದು ದಿನ ಅದರ ಮೌಸ್ ಕೆಟ್ಟಿತು. ಭಾವ ಅದನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದರು. ಅವರನ್ನು ಇಮ್ತಿಯಾಜನ ಅಂಗಡಿಗೆ ಕರೆದುಕೊಂಡು ಹೋದೆ. ಇಮ್ತಿಯಾಜ್ ನನ್ನ ಲ್ಯಾಬಿನ ಹಳೆಯ ವಿದ್ಯಾರ್ಥಿ, ಈಗ ಗಾಂಧಿ ಬಜಾರಿನ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಅಂಗಡಿಯ ದೊಡ್ಡ ಪರದೆಯಲ್ಲಿ ಯಾವುದೋ ಆಟ ತಾನಾಗಿ ಓಡುತ್ತಿತ್ತು. ಕಾರ್ಖಾನೆಯೊಂದರ ಒಳಗೆ ಕ್ರೇನು ನಡೆಸುವ ಆಟ. ಕೊಕ್ಕೆಗೆ ಕೆಂಪಗೆ ಹೊಳೆಯುವ ದೊಡ್ಡ ಬಾನಿ, ಕೆಳಗೆ ಹಳದಿ ಟೊಪ್ಪಿಯ ಜನ. ಮೌಸ್ ಸಿಕ್ಕಿ ಎಷ್ಟೋ ಹೊತ್ತಾದರೂ ಭಾವ ನಿಂತೇ ಇದ್ದರು.

"ಬಾನಿ ಓಲಾಡ್ತಿದೆ. ಹಂಗೆ ಓಲಾಡ್ಬಾರ್ದು" ಎಂದರು. ಇಮ್ತಿಯಾಜ್ "ಆಟ ಅಲ್ವಾ ಸಾರ್" ಎಂದ.

ಬಸ್ ಸ್ಟ್ಯಾಂಡಿನಲ್ಲಿ ಭದ್ರಾವತಿ ಬಸ್ಸು ಹತ್ತುವ ಮುಂಚೆ ಅವರು ನನ್ನನ್ನು ಕೇಳಿದರು. "ವಿಮಲಾ, ಅದು ನಮ್ಮನೆ ಡಬ್ಬದಲ್ಲಿ ಓಡುತ್ತಾ?"

"ಯಾಕೆ ಭಾವ, ನೀವು ಆಟ ಆಡ್ತೀರಾ?"

"ನಿಮ್ಮಕ್ಕಂಗೆ ಒಂದ್ಸಲ ತೋರಿಸ್ಬೇಕಿತ್ತು. ನಾನೇನು ಮಾಡ್ತಿದ್ದೆ ಅಂತ." ಬಲಗೈಯನ್ನು ನನ್ನ ಮುಂದೆ ಹಿಡಿದರು. ಹೋದ ವರ್ಷದಿಂದ ಅದು ಸಣ್ಣಗೆ ನಡುಗುತ್ತದೆ. ಮುಂದೆ ಜಾಸ್ತಿಯಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ. "ಇದು ಹೇಳಿದ್ ಮಾತು ಕೇಳೋ ತನಕ ಅಷ್ಟೇ. ಅವಳಿಗೆ ತೋರ್ಸೋಕೆ ಅಂತ ಹೇಳ್ಬೇಡ ಈಗ್ಲೇ."

ನಲವತ್ತು ವರ್ಷದಲ್ಲಿ ಭಾವ ನನ್ನನ್ನು ಏನನ್ನೂ ಕೇಳಿರಲಿಲ್ಲ. ಹಿಂದೆ ಮುಂದೆ ನೋಡದೆ "ಅದೇನ್ ಮಹಾ ಭಾವ, ಒಂದು ಕಾರ್ಡ್ ಹಾಕಿದ್ರೆ ಆಯ್ತು" ಎಂದುಬಿಟ್ಟೆ.

ಇಮ್ತಿಯಾಜ್ ಕೇಳಿದವನೇ, "ಹೊಸ ಕಂಪ್ಯೂಟರ್ ತಗೊಳ್ಳಿ ಮೇಡಂ" ಎಂದ. ಹಳೆಯ ವಿದ್ಯಾರ್ಥಿಯ ಎದುರು ಸೋಲೊಪ್ಪುವುದು ಹೇಗೆ? ಅದೇ ಡಬ್ಬದಲ್ಲಿ ಮಾಡಿ ತೋರಿಸುತ್ತೇನೆ ಎಂದೆ. ಆಮೇಲೆ ಮನೆಗೆ ಬಂದು ಯೋಚಿಸಿದೆ. ಆ ಡಬ್ಬದೊಳಗೆ ಎಲ್ಲರಿಗೂ ಕರೆಂಟು ಹಂಚುವ ಒಂದು ಪುಟ್ಟ ಪೆಟ್ಟಿಗೆ ಇದೆ, ಪವರ್ ಸಪ್ಲೈ. ಅದರ ಮೇಲಿನ ಚೀಟಿಯಲ್ಲಿ ಇನ್ನೂರ ನಲವತ್ತು ವಾಟ್ ಎಂದು ಬರೆದಿದೆ. ಎರಡು ಫ್ಯಾನು, ಎರಡು ಟ್ಯೂಬ್‌ಲೈಟಿಗೆ ಸಾಕಾಗುವಷ್ಟು. ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡುಗಳೋ, ಒಂದೊಂದೂ ಇಟ್ಟಿಗೆ ಗಾತ್ರ. ತಮಗೇ ಅಂತ ಬೇರೆ ತಂತಿ ಎಳೆಸಿಕೊಂಡು ಇನ್ನೂರು, ಮುನ್ನೂರು ವಾಟ್ ಕುಡಿಯುತ್ತವೆ. ನನಗೆ ಬೇಕಾದದ್ದು ಅರ್ಧ ಎತ್ತರದ, ಬೇರೆ ತಂತಿ ಕೇಳದ, ಕೂತ ಜಾಗದಲ್ಲಿ ಸಿಕ್ಕ ಎಪ್ಪತ್ತೈದು ವಾಟಿನಲ್ಲಿ ಸಂಸಾರ ಮಾಡುವಂಥದು. ಅಂಥದೊಂದನ್ನು ಇಮ್ತಿಯಾಜನೇ ಯಾರ ಬಳಿಯೋ ಹುಡುಕಿ ತಂದ.

ಕಾರ್ಡು ಗಿಡ್ಡ, ಆದರೆ ಅದರ ಬೆನ್ನಿನ ತಗಡಿನ ಪಟ್ಟಿ ಮಾತ್ರ ಎತ್ತರದ ಡಬ್ಬಗಳದು. ಮುಚ್ಚಳ ಹಾಕಲು ಬರುವುದಿಲ್ಲ. ಭಾವ "ಪಟ್ಟಿ ತಾನೆ, ಕೊಡಿಲ್ಲಿ" ಎಂದು ಇಸಿದುಕೊಂಡರು. ಗರಗಸದಿಂದ ಕತ್ತರಿಸಿ, ಮಡಿಸಿ, ಮೂರು ದಿನ ಅರ ಹಿಡಿದು ಉಜ್ಜಿದರು. ಕೈ ನಡುಗುವುದು ಕಡಿಮೆ ಇರುವ ಬೆಳಗಿನ ಹೊತ್ತು ಮಾತ್ರ ಕೆಲಸ. "ಇಷ್ಟು ವರ್ಷ ಬರೀ ಕೂತಿದ್ರು. ಈಗ ಕೂತ್ಕೊಂಡು ಉಜ್ತಿದಾರೆ" ಎಂದು ಅಕ್ಕ ನನಗೆ ಫೋನಿನಲ್ಲಿ ವರದಿ ಕೊಟ್ಟಳು. ಪಟ್ಟಿ ಎಲ್ಲಿ ಕತ್ತರಿಸಿದ್ದು ಎಂದು ಹುಡುಕಿದರೂ ಸಿಗಲಿಲ್ಲ.

ಅಕ್ಕನ ಮನೆಯಲ್ಲೇ ಕಾರ್ಡು ಕೂರಿಸಿ ಆಟ ಶುರು ಮಾಡಿದೆ. ಕಾರ್ಖಾನೆ ಕಂಡಿತು, ಕ್ರೇನು ಕಂಡಿತು, ಟಕ್ಕೆಂದು ಎಲ್ಲ ಆರಿತು.

ಮುಂದೆ ನಡೆದದ್ದನ್ನು ಹೇಳಲು ನನಗೆ ನಾಚಿಕೆ. ಭಾವ ಎದ್ದು ಹೋಗಿ ಫ್ರಿಜ್ಜಿನ ಸ್ವಿಚ್ ಆರಿಸಿ ಬಂದರು. ನಾನು "ಹಾಕ್ತಾ ಇದೀನಿ" ಎಂದು ಕೂಗಿದೆ. ಅಡುಗೆಮನೆಯಿಂದ ಅಕ್ಕ "ತಡಿಯೇ ಮಾರಾಯ್ತಿ, ಮಿಕ್ಸಿ ನಿಲ್ಲಿಸ್ತೀನಿ" ಎಂದಳು. ಆಮೇಲೆ "ಹಾಕು" ಎಂದಳು. ಹಾಕಿದೆ. ಈ ಸಲ ಅದು ಎರಡು ನಿಮಿಷ ಹೆಚ್ಚಿಗೆ ಓಡಿತು. ನಮಗೆ ಅಷ್ಟು ಸಾಕಾಯಿತು. ಗೋಡೆಯಿಂದ ಬರುವ ಕರೆಂಟಿಗೂ ಆ ಡಬ್ಬದೊಳಗಿನ ಕೊರತೆಗೂ ಸಂಬಂಧವೇ ಇಲ್ಲ ಎನ್ನುವುದು ನಾನು ಮೂವತ್ತು ವರ್ಷ ಹೇಳಿಕೊಟ್ಟ ವಿಷಯ. ಆದರೆ ವಠಾರದಲ್ಲಿ ಬಾಳಿದ ಮೂವರು ಒಂದು ಕೋಣೆಯಲ್ಲಿ ಸೇರಿದಾಗ ಅದು ಯಾರಿಗೂ ನೆನಪಾಗಲಿಲ್ಲ.

ಮುಂದಿನ ಒಂದು ವಾರ ನಾನು ದಿನಾ ಭದ್ರಾವತಿಗೆ ಹೋದೆ. ಫ್ಯಾನು, ಟೀವಿ, ನೀರು ಕಾಯಿಸುವ ಗೀಸರು, ದೇವರ ಮುಂದಿನ ಸಣ್ಣ ಬಲ್ಬು, ಒಂದೊಂದಾಗಿ ಆರಿದವು. ಹಾಲು ಒಡೆಯಿತು. ಕೊನೆಗೆ ಅಕ್ಕ ಪಕ್ಕದ ಮನೆಗೆ ಹೋಗಿ, ಹನ್ನೊಂದು ಗಂಟೆಯ ತನಕ ಬೋರಿನ ಮೋಟಾರು ಹಾಕಬೇಡಿ ಎಂದು ಹೇಳಿ ಬಂದಳು. ಯಾಕೆ ಎಂದು ಅವರು ಕೇಳಿದ್ದಕ್ಕೆ "ನಮ್ಮನೆಯವರು ಕ್ರೇನ್ ಓಡಿಸ್ಬೇಕು" ಎಂದಳಂತೆ. ಅವರು ಗಾಬರಿಯಾಗಿ ಒಪ್ಪಿದರು. ಆದರೂ ಆಟ ಎರಡು ನಿಮಿಷಕ್ಕಿಂತ ಹೆಚ್ಚು ಓಡಲಿಲ್ಲ. ಭಾವ ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕಪ್ಪು ಪರದೆ ನೋಡುತ್ತಿದ್ದರು. ಅದನ್ನು ನೋಡಲಾಗದೆ ನಾನು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ.

ಇಮ್ತಿಯಾಜ್ ಎಲ್ಲ ಕೇಳಿಸಿಕೊಂಡ. ಕನ್ನಡಕ ತೆಗೆದು ಒರೆಸಿಕೊಂಡ. "ಮೇಡಂ, ಬೇಜಾರಾಗ್ಬೇಡಿ. ಈ ಡಬ್ಬಕ್ಕೆ ಫ್ರಿಜ್ ಗೊತ್ತಿಲ್ಲ" ಎಂದ. "ನೀವೇ ಹೇಳಿಕೊಟ್ಟಿದ್ದು. ಎರಡು ಸಲ ಬರೆಸಿದ್ರಿ."

"ಮೂರು ಸಲ ಬರೆಸ್ತಿದ್ದೆ" ಎಂದೆ.

"ಮತ್ತೆ ಈ ಇನ್ನೂರ ನಲವತ್ತು ಅನ್ನೋದು ಹೊಸದ್ರಲ್ಲಿ ಅಂಟಿಸಿದ್ ಚೀಟಿ. ವಯಸ್ಸಾಯ್ತಲ್ಲ ಮೇಡಂ, ಈಗ ಅಷ್ಟು ಬರಲ್ಲ. ಆರಿಸೋದಿದ್ರೆ ಒಳಗೆ ಆರಿಸ್ಬೇಕು." ಹೀಗೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ, ಒಳ್ಳೆಯ ಹುಡುಗ.

ಸಿಡಿ ಹಾಕುವ ಭಾಗ ಕಳಚಿದೆವು. ಕೆಲಸವಿಲ್ಲದೆ ತಿರುಗುತ್ತಿದ್ದ ಎರಡನೆಯ ಡಿಸ್ಕು ಕಳಚಿದೆವು. ಕಾರ್ಡು ಇಂತಿಷ್ಟಕ್ಕಿಂತ ಹೆಚ್ಚು ದುಡಿಯಕೂಡದು ಎಂದು ಅದಕ್ಕೆ ಮಿತಿ ಹಾಕಿದೆವು. ಉಳಿದದ್ದನ್ನು ಆಟದೊಳಗೇ ಆರಿಸಬೇಕು, ಚಿತ್ರದಲ್ಲಿ ಏನು ಕಡಿಮೆಯಾದರೂ ಕಾರ್ಡಿಗೆ ಅಷ್ಟು ಹೊರೆ ಕಡಿಮೆ ಎಂದು ಅವನು ಹೇಳಿ ಕಳಿಸಿದ.

ಮರುದಿನ ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕೇಳಿದೆ. "ಹೊಗೆ ಬೇಕಾ ಭಾವ?"

"ತೆಗಿ. ಕುಡಿದಿದೀನಿ ಸಾಕಷ್ಟು."

"ಕಿಡಿ?"

"ತೆಗಿ."

"ನೆರಳು?"

ಸ್ವಲ್ಪ ಯೋಚಿಸಿ ಅದನ್ನೂ ತೆಗೆಸಿದರು. ಈಗ ಹತ್ತು ನಿಮಿಷ ಓಡಿ ಆರಿತು. ಇನ್ನೊಂದೇ ಉಳಿದಿತ್ತು. "ಕೆಳಗೆ ಓಡಾಡೋ ಜನರನ್ನ ತೆಗೆದುಬಿಡ್ತೀನಿ ಭಾವ. ಅವರಿಂದ ಏನೂ ಉಪಯೋಗ ಇಲ್ಲ, ಸುಮ್ನೆ ನಡೀತಿರ್ತಾರೆ. ತೆಗೆದ್ರೆ ಕ್ರೇನ್ ಸಲೀಸಾಗಿ ಓಡುತ್ತೆ."

ಭಾವ ನನ್ನನ್ನು ನೋಡಿದ ರೀತಿಗೆ ನಾನು ಮೌಸಿನಿಂದ ಕೈ ತೆಗೆದೆ. "ಜನ ಇರ್ಲಿ" ಎಂದರು. "ಬೇಕಾದ್ರೆ ಛಾವಣಿ ತೆಗಿ. ಜನ ಇಲ್ದಿದ್ರೆ ಅದೇನು ಕೆಲ್ಸ? ಯಾರ್ ಬೇಕಾದ್ರೂ ಮಾಡ್ತಾರೆ."

ಇಪ್ಪತ್ತು ಮೂವತ್ತು ಜನರಿದ್ದದ್ದನ್ನು ನಾಲ್ಕಕ್ಕೆ ಇಳಿಸಿದೆ. ಅದಕ್ಕೆ ಅವರು ಒಪ್ಪಿದರು. ಛಾವಣಿ ಹೋಯಿತು. ಮೇಲೆ ನೀಲಿ ಆಕಾಶ, ಕೆಳಗೆ ಕರಗಿದ ಕಬ್ಬಿಣ, ನಾಲ್ಕು ಜನ. ಅರ್ಧ ಗಂಟೆಯಾದರೂ ಆರಲಿಲ್ಲ. ಭಾವ ಒಳಗೆ ಹೋಗಿ ಅಂಗಿ ಬದಲಾಯಿಸಿಕೊಂಡು ಬಂದು, ಅಕ್ಕನನ್ನು ಕರೆ ಎಂದರು.

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಇಮ್ತಿಯಾಜ್ ಕೊಟ್ಟಿದ್ದ ಆಟದ ಹಿಡಿಕೆಯನ್ನು ಭಾವ ಹಿಡಿದುಕೊಂಡರು. ಕೈ ನಡುಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಡುಗಿತು. ಆದರೆ ಅದು ನಡುಗಿದ್ದಕ್ಕೆಲ್ಲ ಬೆರಳು ಎದುರು ತಿರುಗಿಸಿ ಸರಿಮಾಡುತ್ತಿದ್ದುದನ್ನು ನಾನು ನೋಡಿದೆ. ಬಾನಿ ಮೇಲೆದ್ದಿತು. ಒಂದು ಚೂರೂ ಓಲಾಡಲಿಲ್ಲ. ಇಡೀ ಕಾರ್ಖಾನೆಯ ಉದ್ದಕ್ಕೂ ಹೋಗಿ ಆ ಕಡೆ ಕೂತಿತು. ಹಳದಿ ಟೊಪ್ಪಿಯವನೊಬ್ಬ ಅಡ್ಡ ಬಂದಾಗ ಭಾವ ನಿಲ್ಲಿಸಿದರು, ಅವನು ದಾಟುವವರೆಗೆ ಕಾದರು. ಅವನು ದಾಟಿದ ಮೇಲೂ ಸ್ವಲ್ಪ ಹೊತ್ತು ಕಾದರು.

"ಆ ಕೆಂಪಗಿರೋದು ಏನ್ರೀ?" ಅಕ್ಕ ಕೇಳಿದಳು.

"ಕರಗಿದ್ ಕಬ್ಬಿಣ."

"ಕೆಳಗಿರೋರು?"

"ನಮ್ಮೋರು."

ಅಕ್ಕ ತನ್ನ ಸ್ವಭಾವದಂತೆ "ಕೊಡಿ ಇಲ್ಲಿ, ಕೂತ್ಕೊಂಡ್ ಮಾಡೋದು ತಾನೆ, ನಾನೂ ನೋಡ್ತೀನಿ" ಎಂದು ಹಿಡಿಕೆ ತೆಗೆದುಕೊಂಡಳು. ಭಾವ ಕೊಟ್ಟರು. ಅಕ್ಕ ಎಳೆದಳು, ತಳ್ಳಿದಳು, ಬಾನಿ ಗಡಿಯಾರದ ಲೋಲಕದಂತೆ ತೂಗಾಡಿತು, ಓರೆಯಾಯಿತು, ಸುರಿಯಿತು. ಪರದೆಯ ತುಂಬ ಕೆಂಪು. ಅದು ಇಂಗಿದಾಗ ನಾಲ್ಕೂ ಜನ ಅಡ್ಡ ಬಿದ್ದಿದ್ದರು.

"ಅಯ್ಯೋ, ಎಲ್ರೂ ಹೋದ್ರಲ್ಲೇ!" ಎಂದು ಅಕ್ಕ ನಕ್ಕಳು. ನಾನೂ ನಕ್ಕೆ. ತಿರುಗಿ ನೋಡಿದರೆ ಭಾವನ ಕುರ್ಚಿ ಖಾಲಿ.

ಅವರು ಅಂಗಳದಲ್ಲಿ, ನಮಗೆ ಬೆನ್ನು ಹಾಕಿ, ತಂತಿಯಲ್ಲಿ ಒಣಗುತ್ತಿದ್ದ ಬಟ್ಟೆಗಳ ಹತ್ತಿರ ನಿಂತಿದ್ದರು. "ಆಟ ಕಣ್ರೀ ಅದು" ಎಂದು ಅಕ್ಕ ಕೂತಲ್ಲಿಂದಲೇ ಕೂಗಿದಳು. ಅವರು ತಂತಿಯ ಮೇಲಿನ ಒಂದು ಅಂಗಿಯ ಸುಕ್ಕು ಎಳೆಯುತ್ತ ನಿಂತರು. ಅವಳ ನಗು ನಿಂತಿತು. ಪರದೆ ನೋಡಿದಳು, ಅಂಗಳ ನೋಡಿದಳು, ಮತ್ತೆ ಪರದೆ ನೋಡಿದಳು. ಮೂವತ್ತೊಂದು ವರ್ಷ, ದಿನಾ ಒಂದು ಗಂಟೆ ಎಂದು ಅವಳ ತುಟಿ ಅಲುಗಿದ್ದು ಕಂಡಿತು.

"ಇವ್ರನ್ನ ಎಬ್ಬಿಸೋದು ಹೆಂಗೆ, ಹೇಳೇ ಬೇಗ" ಎಂದು ನನ್ನ ಕೈ ಹಿಡಿದಳು.

ಮೊದಲಿಂದ ಶುರು ಮಾಡುವ ಗುಂಡಿ ಒತ್ತಿದೆ. ಅಕ್ಕ ಎದ್ದು ಬಾಗಿಲಿಗೆ ಹೋದಳು. "ಎದ್ರು ಕಣ್ರೀ. ಎಲ್ರೂ ಎದ್ರು. ಬನ್ನಿ ಒಳಗೆ."

ಭಾವ ತಿರುಗಲಿಲ್ಲ. "ಎಣಿಸಿದ್ಯಾ?" ಎಂದರು.

ಅಕ್ಕ ಒಳಗೆ ಬಂದಳು. ಕನ್ನಡಕ ಹಾಕಿಕೊಂಡು, ಪರದೆಗೆ ಮುಖ ತಾಗುವಷ್ಟು ಬಗ್ಗಿ, ನಡೆದಾಡುತ್ತಿದ್ದವರ ಮೇಲೆ ಒಬ್ಬೊಬ್ಬರಾಗಿ ಬೆರಳಿಟ್ಟು ಎಣಿಸಿದಳು. ಒಬ್ಬ ಕಂಬದ ಹಿಂದಿದ್ದ. ಅವನು ಈಚೆ ಬರುವವರೆಗೆ ಕಾದಳು.

"ನಾಲ್ಕೂ ಜನ ಇದಾರೆ" ಎಂದಳು.

ಆಮೇಲೆ ಭಾವ ಒಳಗೆ ಬಂದರು.